ಅಂಕಿತವಳಿದ ಬರೆಹ

ಕಳವುಗಳಲ್ಲಿ ಕಳೆದುಕೊಂಡವನಿಗೆ ಒಡನೆಯೇ ತಿಳಿಯುವುದು ಒಂದು ಬಗೆ, ವರುಷಗಟ್ಟಲೆ ತಿಳಿಯದೆ ಇರುವುದು ಇನ್ನೊಂದು ಬಗೆ. ಹಟ್ಟಿಯಿಂದ ಒಂದು ಕುರಿ ಹೋದರೆ ಬೆಳಗಾಗುವುದರೊಳಗೆ ಮನೆಮಂದಿಯೆಲ್ಲ ಎದ್ದು ಹುಡುಕುತ್ತಾರೆ. ನೆರೆಯವನು ಹೊಲದ ಬದುವನ್ನು ಒಂದು ಮೊಳ ಒತ್ತಿದರೆ ಮೊದಲ ಉಳುಮೆಗೇ ಅದು ಬಯಲಾಗುತ್ತದೆ. ಬರೆದವನ ಬರೆಹ ಹೋದರೆ ಹೀಗಾಗುವುದಿಲ್ಲ. ಅದು ಅವನ ಪೆಟ್ಟಿಗೆಯಲ್ಲಿಯೂ ಇರುತ್ತದೆ, ಊರವರ ಬಾಯಲ್ಲಿಯೂ ಇರುತ್ತದೆ. ಎರಡರ ನಡುವೆ ಜಾರಿಹೋಗಿರುವುದು ಅವನ ಹೆಸರೊಂದೇ. ಹೆಸರೆಂಬುದು ಎಷ್ಟು ಬೆಲೆಯ ವಸ್ತು, ಅದು ಹೋದರೆ ನಷ್ಟವಾಗುವುದು ಯಾರಿಗೆ, ಎಂಬ ಪ್ರಶ್ನೆಯನ್ನು ಜನರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಮಧುಗಿರಿಯ ಒಬ್ಬ ನಿವೃತ್ತ ಪಂಡಿತರಿಗೆ ಅದು ಕೇಳದೆಯೇ ಮನೆಬಾಗಿಲಿಗೆ ಬಂದಿತು.

ಪಂಡಿತರು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಬಳಿಕ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಸರದಿಯಾಗಿ ಕನ್ನಡ ಪಾಠ ಹೇಳಿ ವಿಶ್ರಾಂತರಾದವರು. ಈ ನಾಲ್ಕು ತಾಲ್ಲೂಕುಗಳೂ ಒಂದೇ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದರಿಂದ ಅವರಿಗೆ ವರ್ಗವಾದಾಗಲೆಲ್ಲ ಒಂದು ಬೆಟ್ಟ ಬಿಟ್ಟು ಇನ್ನೊಂದು ಬೆಟ್ಟದ ಬುಡಕ್ಕೆ ಹೋಗುವುದಾಗುತ್ತಿತ್ತು. ಹೋದ ಕಡೆಯಲ್ಲೆಲ್ಲ ಕೋಟೆ ಕೊತ್ತಲಗಳನ್ನು ನೋಡಿ, ಹಿರಿಯರನ್ನು ವಿಚಾರಿಸಿ, ಪುಸ್ತಕಗಳನ್ನು ತಿರುವಿಹಾಕಿ ಬರೆದಿಟ್ಟುಕೊಳ್ಳುವುದು ಅವರ ಅಭ್ಯಾಸ. ಹೀಗೆ ಬರೆದಿಟ್ಟ ಟಿಪ್ಪಣಿಗಳಿಂದ ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಗೆ ಶಿರಾ ಪಟ್ಟಣದ ಚರಿತ್ರೆಯನ್ನು ಕುರಿತು ನಾಲ್ಕು ಪುಟಗಳ ಲೇಖನವನ್ನು ಸಿದ್ಧಪಡಿಸಿ ಕೊಟ್ಟರು. ಕಸ್ತೂರಿ ರಂಗಪ್ಪನಾಯಕನು ಕೋಟೆಗೆ ಕೈಹಾಕಿದುದು, ಬಿಜಾಪುರದವರ ಆಳ್ವಿಕೆ, ಮಲ್ಲಿಕ್ ರಿಹಾನನ ಗೋರಿ, ಮೊಗಲರ ಕಾಲದಲ್ಲಿ ಶಿರಾ ಒಂದು ಸುಬೆಯ ರಾಜಧಾನಿಯಾದುದು, 1696ರ ಜುಮ್ಮಾ ಮಸೀದಿ, ದಿಲಾವರ್ ಖಾನನ ಅರಮನೆ, 1757ರಲ್ಲಿ ಮರಾಠರು, 1761ರಲ್ಲಿ ಹೈದರನು ಪಟ್ಟಣವನ್ನು ಹಿಡಿದುದು, ಇವೆಲ್ಲ ಅದರಲ್ಲಿ ಬಂದಿದ್ದುವು. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್‌ಬಾಗೇ ಮಾದರಿಯಾಗಿದ್ದಿರಬೇಕೆಂಬ ಮಾತನ್ನು ಅವರು ಸ್ವಲ್ಪ ಅಭಿಮಾನದಿಂದಲೇ ಬರೆದಿದ್ದರು. ಓದಿದವರು ಮೆಚ್ಚಿದರು.

ಆ ಲೇಖನದಲ್ಲಿ ಒಂದು ದೋಷವಿತ್ತು. ಶಿರಾ ಮೊಗಲರ ಸುಬೆಯಾದುದು 1687ರಲ್ಲಿ. ಪಂಡಿತರ ಲೇಖನಿ ಕಡೆಯ ಎರಡು ಅಂಕೆಗಳನ್ನು ಹಿಂದುಮುಂದುಮಾಡಿ 1678 ಎಂದು ಬರೆದುಬಿಟ್ಟಿತು. ಮುದ್ರಣಾಲಯದವರ ಮೇಲೆ ಹೊರಿಸಿಬಿಡೋಣವೆಂದು ಹಸ್ತಪ್ರತಿಯನ್ನು ತೆಗೆದು ನೋಡಿದರೆ ಅದರಲ್ಲಿಯೂ ಅವರದೇ ದುಂಡಕ್ಷರದಲ್ಲಿ 1678 ಎಂದೇ ಇತ್ತು. ಮರುವರ್ಷದ ಸಂಚಿಕೆಗೆ ಮೂರು ಸಾಲಿನ ತಿದ್ದುಪಡಿಯನ್ನು ಕಳುಹಿಸಿದರು. ಅದು ಒಂದು ಪುಟದ ಅಡಿಯಲ್ಲಿ, ಒಂದು ಜಾಹೀರಾತಿನ ಪಕ್ಕದಲ್ಲಿ ಅಚ್ಚಾಯಿತು. ಕರ್ತವ್ಯ ಮುಗಿಯಿತೆಂದು ಪಂಡಿತರು ಅದನ್ನು ಮರೆತರು.

ಒಂದು ನವೆಂಬರ್ ತಿಂಗಳಲ್ಲಿ ಕೊರಟಗೆರೆಯ ಕಡೆಯ ಒಂದು ಶಾಲೆಯವರು ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ಅವರನ್ನು ತೀರ್ಪುಗಾರರಾಗಿ ಕರೆದರು. ಅವರ ಜೊತೆಗೆ ಇನ್ನಿಬ್ಬರು ತೀರ್ಪುಗಾರರಿದ್ದರು. ಅವರಲ್ಲಿ ಒಬ್ಬರು ಚರಿತ್ರೆಯ ಅಧ್ಯಾಪಕರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ವೇದಿಕೆಗೆ ಬಂದು ಶಿರಾದ ಚರಿತ್ರೆಯನ್ನು ಹೇಳಲಾರಂಭಿಸಿದಳು. ಎರಡನೆಯ ವಾಕ್ಯಕ್ಕೆ ಪಂಡಿತರ ಕಿವಿ ನಿಮಿರಿತು. ಮೂರನೆಯದು ಬರುವ ಮೊದಲೇ ಅದು ಏನೆಂದು ಅವರಿಗೆ ಗೊತ್ತಿತ್ತು. ಪದ, ಪದಗಳ ಅನುಕ್ರಮ, ಉಪಮಾನ, ನಿಲ್ಲಿಸುವ ಕಡೆ ನಿಲ್ಲಿಸುವುದು, ಎಲ್ಲವೂ ಅವರದು. ಹುಡುಗಿ ಬಲು ಚೆನ್ನಾಗಿ ಹೇಳಿದಳು. ತಾವು ಒಂಟಿಯಾಗಿ ಮೇಜಿನ ಮುಂದೆ ಕುಳಿತು ಹೊಸೆದ ಮಾತು ಒಂದು ಎಳೆಯ ಕಂಠದಲ್ಲಿ ಹೊರಡುವುದನ್ನು ಕೇಳಿ ಅವರಿಗೆ ಮೊದಲು ಆದುದು ಸಂತೋಷವೇ.

ಭಾಷಣ ಮುಗಿದ ಮೇಲೆ ಚರಿತ್ರೆಯ ಅಧ್ಯಾಪಕರು ಪ್ರಶ್ನೆ ಕೇಳಿದರು: “ಮೊಗಲರು 1678ರಲ್ಲಿ ಶಿರಾದಲ್ಲಿ ಸುಬೆಯನ್ನು ಸ್ಥಾಪಿಸಿದರೆಂದು ಹೇಳಿದೆಯಲ್ಲಮ್ಮ, ಆಗ ಈ ಸೀಮೆ ಬಿಜಾಪುರದವರದು. ಬಿಜಾಪುರವು ಔರಂಗಜೇಬನ ವಶವಾದುದು 1686ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ ಇಲ್ಲಿ ಸುಬೆ ಹೇಗೆ ಬಂದಿತು?”

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಅಪ್ಪನ ಫೋನಿನಲ್ಲಿ ಹಾಗೆಯೇ ಇತ್ತು, ಸಾರ್” ಎಂದಳು. ಸಭೆ ನಕ್ಕಿತು. ಅವಳ ಮುಖ ಕಂದಿತು.

ಆಗ ಪಂಡಿತರು ಎದ್ದು ನಿಂತು, “ಆ ತಪ್ಪು ಮಗುವಿನದಲ್ಲ, ನನ್ನದು” ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ವಾಕ್ಯಗಳು ನನ್ನವು ಎಂದರೆ ವರ್ಷವೂ ನನ್ನದೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಆಹ್ವಾನಿತರಾಗಿ ಬಂದು, ಹಾರ ಹಾಕಿಸಿಕೊಂಡು, ವೇದಿಕೆಯ ಮೇಲೆ ಕುಳಿತಿರುವಾಗ ಅದು ಸುಲಭವಲ್ಲ. ಅಂಕಪಟ್ಟಿಯ ಕಡೆಗೆ ಕಣ್ಣಿಟ್ಟು ಸುಮ್ಮನಿದ್ದರು. ಹುಡುಗಿಗೆ ಎರಡನೆಯ ಬಹುಮಾನ ಬಂದಿತು.

ಮನೆಗೆ ಬಂದವರೇ ಮೊಮ್ಮಗನನ್ನು ಕರೆದು ಫೋನಿನಲ್ಲಿ ಹುಡುಕಿಸಿದರು. ಹುಡುಗನಿಗೆ ಎರಡು ನಿಮಿಷ ಸಾಕಾಯಿತು. “ತಾತ, ಇದೇ ತಾನೆ?” ಎಂದು ತೋರಿಸಿದನು. ನಾಲ್ಕು ಪುಟಗಳೂ ಅಕ್ಷರಶಃ ಇದ್ದುವು. ಮೊದಲಲ್ಲಿ ಎರಡು ಹೂವಿನ ಚಿತ್ರ, ನಡುವೆ 1678, ಕೊನೆಯಲ್ಲಿ “ಲೇಖಕರು” ಎಂದು ಪಾವಗಡದ ಯಾರೋ ಒಬ್ಬರ ಹೆಸರು. ಇನ್ನೊಂದು ಪ್ರತಿಯಲ್ಲಿ ಆ ಹೆಸರಿನ ಹಿಂದೆ “ಸಂಗ್ರಹ” ಎಂದಿತ್ತು. ಮತ್ತೊಂದರಲ್ಲಿ ಹೆಸರೇ ಇಲ್ಲದೆ “ಕೃಪೆ: ವಾಟ್ಸಾಪ್” ಎಂದಿತ್ತು. ಕೃಪೆ ಮಾಡಿದವರು ಯಾರೆಂಬುದನ್ನು ಓದಿ ಪಂಡಿತರಿಗೆ ಕೋಪದ ನಡುವೆಯೂ ನಗು ಬಂದಿತು. ದೇವರ ಕೃಪೆ, ಗುರುಗಳ ಕೃಪೆ ಎಂಬುದನ್ನು ಕೇಳಿದ್ದರು. ಯಂತ್ರದ ಕೃಪೆಯನ್ನು ಕಂಡುದು ಅದೇ ಮೊದಲು.

ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಶಾಸ್ತ್ರ ಓದಿದವರಿಗೆ ಸಿಟ್ಟು ಬಂದರೂ ಅದಕ್ಕೆ ಪ್ರಮಾಣ ಬೇಕು. ಬಾಣಭಟ್ಟನೇ ಹರ್ಷಚರಿತದ ಆರಂಭದಲ್ಲಿ, ಪರರ ಅಕ್ಷರಗಳನ್ನು ಮಾರ್ಪಡಿಸಿ ಗುರುತುಗಳನ್ನು ಮರೆಮಾಡುವ ಕವಿಚೋರನನ್ನು ಸ್ಮರಿಸಿದ್ದಾನೆ. ಕನೌಜಿನ ಆಸ್ಥಾನದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಈ ವಿಷಯಕ್ಕೆ ಮೂರು ಅಧ್ಯಾಯಗಳನ್ನೇ ಮೀಸಲಿಟ್ಟನು. ಶಬ್ದವನ್ನು ಕದಿಯುವುದು ಬೇರೆ, ಅರ್ಥವನ್ನು ಕದಿಯುವುದು ಬೇರೆ. ಶಬ್ದಹರಣದಲ್ಲಿ ಒಂದು ಪದ, ಪದ್ಯದ ಒಂದು ಪಾದ, ಅರ್ಧ, ಇಡಿಯ ವೃತ್ತ, ಇಡಿಯ ಪ್ರಬಂಧ ಎಂದು ಐದು ಬಗೆ. ಹಣ ಕೊಟ್ಟು ಕೊಂಡು ತನ್ನದೆನ್ನುವುದೂ ಹರಣವೇ ಎಂದು ಅವನ ತೀರ್ಪು. ಅವನ ಹೆಂಡತಿ ಅವಂತಿಸುಂದರಿಯ ಮತವನ್ನೂ ಅಲ್ಲಿ ಎತ್ತಿಹೇಳಿದ್ದಾನೆ. ಬರೆದವನು ಅಪ್ರಸಿದ್ಧ, ನಾನು ಪ್ರಸಿದ್ಧ; ಅವನು ಇರುವುದು ದೂರದೇಶದಲ್ಲಿ; ಇದನ್ನು ಬಲ್ಲವರು ಉಳಿದಿಲ್ಲ; ಇದರ ಮೂಲವೇ ಹಾಳಾಗಿದೆ, ಹೀಗೆ ಕದಿಯುವವನು ಹೇಳಿಕೊಳ್ಳಬಹುದಾದ ಸಮಾಧಾನಗಳನ್ನು ಆಕೆ ಒಂದೊಂದಾಗಿ ಎಣಿಸಿದ್ದಾಳೆ. ಸಾವಿರದ ಮೇಲೆ ನೂರು ವರ್ಷಗಳಾದರೂ ಆ ಪಟ್ಟಿಗೆ ಹೊಸದಾಗಿ ಸೇರಿಸಬೇಕಾದುದು ಹೆಚ್ಚಿಲ್ಲ. ‘ಎಲ್ಲರೂ ಕಳುಹಿಸುತ್ತಿದ್ದರು, ನಾನೂ ಕಳುಹಿಸಿದೆ’ ಎಂಬುದೊಂದನ್ನು ಸೇರಿಸಬಹುದು.

ತಮ್ಮದು ಐದನೆಯ ಬಗೆ, ಪ್ರಬಂಧಹರಣ, ಎಂದು ನಿಶ್ಚಯಿಸಿಕೊಂಡು ಪಂಡಿತರು ಬೆಳಿಗ್ಗೆ ಹೆಂಡತಿಗೆ ವಿವರಿಸಿದರು. ಆಕೆ ಕಾಫಿಯನ್ನು ಮುಂದಿಟ್ಟು, “ನೂರು ಪ್ರತಿ ಮಿಕ್ಕು ಅಟ್ಟದ ಮೇಲೆ ಬಿದ್ದಿದ್ದುವು. ಈಗ ಊರೆಲ್ಲ ಓದುತ್ತಿದೆ. ಅಷ್ಟರಮಟ್ಟಿಗೆ ಆ ಪುಣ್ಯಾತ್ಮ ಉಪಕಾರವನ್ನೇ ಮಾಡಿದ ಹಾಗಾಯಿತಲ್ಲವೆ?” ಎಂದರು. ಪಂಡಿತರು ಉತ್ತರ ಕೊಡದೆ ಕೊಡೆಯನ್ನು ತೆಗೆದುಕೊಂಡು ಹೊರಟರು.

ಹೋದುದು ಪರಿಚಿತರಾದ ವಕೀಲರ ಮನೆಗೆ. ವಕೀಲರು ಕೇಳಿ, ಕಾನೂನು ಪಂಡಿತರ ಪಕ್ಷದಲ್ಲಿಯೇ ಇದೆಯೆಂದರು. 1957ರ ಕೃತಿಸ್ವಾಮ್ಯದ ಶಾಸನದಂತೆ ಬರೆದವನಿಗೆ ಬರೆದೊಡನೆಯೇ ಹಕ್ಕು ಬರುತ್ತದೆ. ಅದಕ್ಕೆ ಯಾವ ಕಚೇರಿಯಲ್ಲಿಯೂ ನೋಂದಣಿ ಮಾಡಿಸಲೇಬೇಕೆಂಬ ನಿರ್ಬಂಧವಿಲ್ಲ. ಅವನು ತೀರಿಕೊಂಡ ಮೇಲೆ ಅರುವತ್ತು ವರ್ಷ ಅದು ವಾರಸುದಾರರಿಗೆ ಉಳಿಯುತ್ತದೆ. ಶಾಸನದ 57ನೆಯ ಕಲಮಿನಲ್ಲಿ ಇನ್ನೂ ಒಂದು ವಿಶೇಷವಿದೆ: ಹಕ್ಕನ್ನು ಪೂರ್ಣವಾಗಿ ಮಾರಿಬಿಟ್ಟವನೂ ಕೂಡ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕಳೆದುಕೊಳ್ಳುವುದಿಲ್ಲ.

“ಆದರೆ ಒಂದು ಮಾತು, ಸ್ವಾಮಿ,” ಎಂದರು ವಕೀಲರು. “ಸಂಗತಿಗಳಿಗೆ ಒಡೆಯರಿಲ್ಲ. 1687 ಎಂಬ ವರ್ಷ ಯಾರ ಸೊತ್ತೂ ಅಲ್ಲ. ಅದನ್ನು ನೀವು ಹೇಳಿದ ರೀತಿ ಮಾತ್ರ ನಿಮ್ಮದು.”

1687 ಲೋಕದ ಸೊತ್ತಾದರೆ 1678 ಮಾತ್ರ ಸಂಪೂರ್ಣವಾಗಿ ತಮ್ಮದೇ ಎಂದು ಪಂಡಿತರಿಗೆ ಹೊಳೆಯಿತು. ಆ ವರ್ಷದಲ್ಲಿ ಶಿರಾದಲ್ಲಿ ಸುಬೆಯನ್ನು ಸ್ಥಾಪಿಸಿದವರು ಪ್ರಪಂಚದಲ್ಲಿ ಅವರೊಬ್ಬರೇ. ವ್ಯಾಜ್ಯ ಹೂಡಿದರೆ ಸಾಕ್ಷ್ಯಕ್ಕೆ ಇದಕ್ಕಿಂತ ಗಟ್ಟಿಯಾದುದು ಇಲ್ಲ. ಓಲೆಗರಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಎರಡು ಪ್ರತಿಗಳಲ್ಲಿ ಒಂದೇ ವಿಧವಾದ ಸ್ಖಾಲಿತ್ಯವನ್ನು ಕಂಡರೆ ಅವೆರಡೂ ಒಂದೇ ತಾಯಿಪ್ರತಿಯಿಂದ ಹುಟ್ಟಿದುವೆಂದು ಊಹಿಸುತ್ತಾರೆ. ಸರಿಯಾದ ಪಾಠವನ್ನು ಇಬ್ಬರು ಬೇರೆ ಬೇರೆಯಾಗಿಯೂ ಬರೆದಿರಬಹುದು. ತಪ್ಪಾದ ಪಾಠವನ್ನು ಒಬ್ಬನಿಂದ ಇನ್ನೊಬ್ಬನು ಪಡೆದಿರಲೇಬೇಕು. ಹೀಗೆ ತಪ್ಪೇ ವಂಶದ ಗುರುತು. ಆದರೆ ಆ ಗುರುತನ್ನು ನ್ಯಾಯಾಲಯದಲ್ಲಿ ಎತ್ತಿಹಿಡಿಯಬೇಕಾದ ಕೈಯೂ ತಮ್ಮದೇ ಎಂಬುದನ್ನು ನೆನೆದು ಪಂಡಿತರು ವಕೀಲರಿಗೆ ನಮಸ್ಕಾರ ಹೇಳಿ ಹಿಂದಿರುಗಿದರು.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. 13ನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದಲ್ಲಿದ್ದ ಮಲ್ಲಿಕಾರ್ಜುನನು ಹಿಂದಿನ ಕವಿಗಳ ಕಾವ್ಯಗಳಿಂದ ಸೊಗಸಾದ ಪದ್ಯಗಳನ್ನು ಆರಿಸಿ ಸೂಕ್ತಿಸುಧಾರ್ಣವವನ್ನು ಜೋಡಿಸಿದನು. ಸಮುದ್ರವರ್ಣನೆ, ನಗರವರ್ಣನೆ, ಚಂದ್ರೋದಯ ಎಂದು ವಿಷಯಗಳಿಗೆ ತಕ್ಕಂತೆ ವಿಂಗಡಿಸಿದನು. ಆದರೆ ಯಾವ ಪದ್ಯ ಯಾರದೆಂದು ಹೇಳಲಿಲ್ಲ. ಅವನ ಕಾಲದ ಓದುಗರಿಗೆ ಹೇಳದೆಯೇ ತಿಳಿಯುತ್ತಿದ್ದಿತೋ ಏನೋ. ಕಾಲ ಕಳೆಯಿತು, ಕೆಲವು ಮೂಲಕಾವ್ಯಗಳು ನಷ್ಟವಾದುವು. ಉಳಿದ ಕಾವ್ಯಗಳಿಂದ ಬಂದ ಪದ್ಯಗಳಿಗೆ ವಿದ್ವಾಂಸರು ಶ್ರಮಪಟ್ಟು ತಂದೆಯನ್ನು ಹುಡುಕಿಕೊಟ್ಟರು. ನಷ್ಟವಾದ ಕಾವ್ಯಗಳ ಪದ್ಯಗಳು ಇಂದಿಗೂ ಅನಾಥವಾಗಿಯೇ ಇವೆ. ಆ ಮಲ್ಲಿಕಾರ್ಜುನನ ಮಗನೇ ಕೇಶಿರಾಜ. ಅವನು ಶಬ್ದಮಣಿದರ್ಪಣವನ್ನು ಬರೆಯುವಾಗ ಮೊದಲಲ್ಲಿಯೇ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದ ಹಿರಿಯರ ಹೆಸರುಗಳನ್ನು ಹೇಳಿ, ಇವರ ಪ್ರಯೋಗಗಳೇ ತನಗೆ ಲಕ್ಷ್ಯವೆಂದನು. ಗಜಗನ ಕಾವ್ಯ ನಮಗೆ ದೊರೆತಿಲ್ಲ, ಅಸಗನ ಕನ್ನಡ ಕಾವ್ಯವೂ ದೊರೆತಿಲ್ಲ. ಅಂಥವರು ಇದ್ದರೆಂಬುದಾದರೂ ತಿಳಿದಿದೆ. ತಂದೆಯ ಪುಸ್ತಕದಲ್ಲಿ ಪದ್ಯ ಉಳಿದು ಕವಿ ಅಳಿದನು. ಮಗನ ಪುಸ್ತಕದಲ್ಲಿ ಕಾವ್ಯ ಅಳಿದು ಕವಿ ಉಳಿದನು. ಒಂದೇ ಮನೆಯಲ್ಲಿ ಎರಡು ಪದ್ಧತಿಗಳೂ ನಡೆದುವು.

ವಚನಕಾರರ ಮಾರ್ಗ ಬೇರೆ. ಬಸವಣ್ಣನವರಾಗಲಿ, ಅಲ್ಲಮಪ್ರಭುಗಳಾಗಲಿ, ಅಕ್ಕಮಹಾದೇವಿಯಾಗಲಿ ತಮ್ಮ ಹೆಸರನ್ನು ವಚನದಲ್ಲಿ ಇಡಲಿಲ್ಲ. ತಮ್ಮ ಇಷ್ಟದೈವದ ಹೆಸರನ್ನಿಟ್ಟರು. ಆದರೂ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವನ್ನು ಕೇಳಿದೊಡನೆ ಮಾತು ಯಾರದೆಂದು ಕನ್ನಡಿಗರಿಗೆ ತಿಳಿಯುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಸಂಕಲನ ಮಾಡಿದಾಗ ಒಬ್ಬೊಬ್ಬ ಶರಣರ ಮಾತನ್ನೂ ಅವರವರ ಅಂಕಿತದೊಡನೆಯೇ ಪೋಣಿಸಿದನು. ‘ಸಂಗ್ರಹ’ ಎಂಬ ಶಬ್ದ ಒಪ್ಪುವುದು ಇಂಥ ಕೆಲಸಕ್ಕೆ. ಅಂಕಿತದ ವಿಷಯ ನಮ್ಮ ಕಾಲದಲ್ಲಿಯೂ ತಣ್ಣಗಾಗಿಲ್ಲ. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವನೆಂಬ ಕಡೆ ಲಿಂಗದೇವನೆಂದು ಬದಲಾಯಿಸಿ ಮಾತೆ ಮಹಾದೇವಿಯವರು 1996ರಲ್ಲಿ ಪ್ರಕಟಿಸಿದ ಬಸವ ವಚನ ದೀಪ್ತಿಯನ್ನು 1998ರಲ್ಲಿ ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಸರಕಾರದ ಆಜ್ಞೆಯೇ ನಿಂತಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಅದ್ಭುತ ರಾಮಾಯಣವನ್ನೂ ಶ್ರೀರಾಮಾಶ್ವಮೇಧವನ್ನೂ ಬರೆದು, ಯಾವುದೋ ಹಳೆಯ ಕವಿಯ ಗ್ರಂಥಗಳೆಂಬಂತೆ ಮೈಸೂರಿನ ಪತ್ರಿಕೆಗಳಿಗೆ ಕಳುಹಿಸಿದರು. ಮುದ್ದಣನೆಂಬುವನು ಅವರೇ ಎಂಬುದು ಲೋಕಕ್ಕೆ ಚೆನ್ನಾಗಿ ತಿಳಿದುದು 1901ರಲ್ಲಿ ಅವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಮೇಲೆ. ಹೆಸರನ್ನು ತಾನಾಗಿ ಬಿಟ್ಟವನದು ತ್ಯಾಗ. ಇನ್ನೊಬ್ಬನ ಹೆಸರನ್ನು ಒರಸಿದವನು ಮುದ್ದಣನ ನೆರಳಿನಲ್ಲಿ ನಿಲ್ಲಲಾರನು.

ಇಷ್ಟನ್ನೂ ಮನಸ್ಸಿನಲ್ಲಿ ಪೂರ್ವಪಕ್ಷ ಸಿದ್ಧಾಂತಗಳಾಗಿ ಜೋಡಿಸಿಕೊಂಡು, ಚೀಲದಲ್ಲಿ ಸ್ಮರಣ ಸಂಚಿಕೆಯನ್ನಿಟ್ಟುಕೊಂಡು, ಪಂಡಿತರು ಒಂದು ಭಾನುವಾರ ಪಾವಗಡದ ಬಸ್ಸನ್ನು ಹತ್ತಿದರು. ಮಿಡಿಗೇಶಿಯ ಬೆಟ್ಟ ಹಿಂದಾಗುವವರೆಗೂ ಆಡಬೇಕಾದ ಮಾತುಗಳನ್ನೇ ಹದಗೊಳಿಸುತ್ತಿದ್ದರು. ಅನಂತರ, ಏಕೆಂದು ಅವರಿಗೇ ತಿಳಿಯದು, ಆ ಹುಡುಗಿಯ ಕಂದಿದ ಮುಖ ನೆನಪಿಗೆ ಬಂದಿತು. ಅವಳು ಯಾರನ್ನು ಕೇಳಬೇಕಾಗಿತ್ತು? ಬರೆಹದ ಕೆಳಗೆ ನಿಜವಾದ ಹೆಸರಿದ್ದಿದ್ದರೆ, ‘ಈ ವರ್ಷ ಸರಿಯೆ?’ ಎಂದು ಒಂದು ಕಾಗದ ಬರೆಯಬಹುದಾಗಿತ್ತು. ಹೆಸರಿನ ಗುರುತು ಹಿಡಿದು ಹೋದವರಿಗೆ ಮರುವರ್ಷದ ತಿದ್ದುಪಡಿಯಾದರೂ ಸಿಕ್ಕುತ್ತಿತ್ತು. ಹೆಸರು ಹೋದಾಗ ತಿದ್ದುಪಡಿ ಬರುವ ದಾರಿಯೂ ಮುಚ್ಚಿಹೋಯಿತು. ತಪ್ಪು ಊರೂರು ತಿರುಗುತ್ತಿದೆ, ಸರಿ ಜಾಹೀರಾತಿನ ಪಕ್ಕದಲ್ಲಿ ಬಿದ್ದಿದೆ. ಹೆಸರನ್ನು ಅವರು ಅಷ್ಟು ದಿನ ತಮಗೆ ಸಲ್ಲಬೇಕಾದ ಮರ್ಯಾದೆಯೆಂದು ತಿಳಿದಿದ್ದರು. ಓದುವವನು ಬಂದು ತಟ್ಟಬಹುದಾದ ಬಾಗಿಲೂ ಅದೇ ಎಂದು ಬಸ್ಸಿನಲ್ಲಿ ಕುಳಿತು ಮೊದಲ ಬಾರಿಗೆ ಯೋಚಿಸಿದರು. ಆ ಬಾಗಿಲನ್ನು ಬೇರೆಯವರು ಮುಚ್ಚಿದರು, ನಿಜ. ಆದರೆ ಕೊರಟಗೆರೆಯ ವೇದಿಕೆಯ ಮೇಲೆ, ತೆರೆಯುವ ಅವಕಾಶವಿದ್ದಾಗ, ಒಳಗಿನಿಂದ ಅಗುಳಿ ಹಾಕಿಕೊಂಡವರು ಯಾರು?

ಪಾವಗಡದ ಮಹನೀಯರು ಒಂದು ಔಷಧದ ಅಂಗಡಿಯ ಮಾಲೀಕರು, ನಲವತ್ತರ ಪ್ರಾಯದವರು. ಬಂದವರು ಉಪಾಧ್ಯಾಯರಾಗಿದ್ದವರೆಂದು ತಿಳಿದೊಡನೆ ಎದ್ದು ಕುರ್ಚಿ ಹಾಕಿಸಿ, ಒಳಗಿನಿಂದ ಹುರಿದ ಕಡಲೆಕಾಯಿಯನ್ನು ತರಿಸಿದರು. ಪಂಡಿತರು ಸಂಚಿಕೆಯನ್ನು ತೆರೆದು ಮುಂದಿಟ್ಟರು. ಆತನು ಎರಡು ಪುಟ ಓದಿ ತಲೆಯೆತ್ತಿದನು.

“ಮೇಷ್ಟ್ರೇ, ಇದು ನಿಮ್ಮದೇ? ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ನನಗೆ ಬಂದಾಗಲೇ ಇದರಲ್ಲಿ ಹೆಸರಿರಲಿಲ್ಲ. ನಾನು ದಿನಕ್ಕೊಂದು ಒಳ್ಳೆಯ ವಿಷಯವನ್ನು ಸ್ನೇಹಿತರಿಗೆ ಕಳುಹಿಸುತ್ತೇನೆ. ಇದರಲ್ಲಿ ಕಾಗುಣಿತದ ತಪ್ಪುಗಳಿದ್ದುವು, ತಿದ್ದಿದೆ. ಕೆಳಗೆ ‘ಸಂಗ್ರಹ’ ಎಂದು ಹಾಕಿದೆ. ಅದನ್ನು ‘ಲೇಖಕರು’ ಎಂದು ಮಾಡಿದವರು ಯಾರೋ ನಾನರಿಯೆ.”

“ಹೆಸರಿಲ್ಲದಿದ್ದರೆ ಯಾರದೆಂದು ವಿಚಾರಿಸಬಾರದಾಗಿತ್ತೆ?”

“ವಿಚಾರಿಸಬಹುದಾಗಿತ್ತು, ತಪ್ಪಾಯಿತು. ಆದರೆ ಒಳ್ಳೆಯ ಮಾತಿಗೆ ಹೆಸರು ಬೇಕೇಬೇಕೆ, ಸ್ವಾಮಿ? ನಿಮ್ಮ ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುತ್ತಾರೆ. ಅದನ್ನು ಕಟ್ಟಿದವರು ಯಾರೆಂದು ಯಾರು ಕೇಳುತ್ತಾರೆ?”

ಈ ಪ್ರಶ್ನೆಗೆ ಪಂಡಿತರು ತಡವರಿಸಲಿಲ್ಲ. “ಕಟ್ಟಿದವರ ಹೆಸರಿಲ್ಲ, ಹೌದು. ಹಾಡುವವನು ಎದುರಿಗೇ ಕುಳಿತಿರುತ್ತಾನಪ್ಪ. ಅವನು ಒಂದು ಸಂಗತಿ ತಪ್ಪಿದರೆ ಪಕ್ಕದಲ್ಲಿರುವ ಹಿರಿಯನು ಅಲ್ಲಿಯೇ ತಡೆದು ತಿದ್ದುತ್ತಾನೆ. ಹಳೆಯ ಓಲೆಗರಿಗಳನ್ನು ನೋಡಿ: ಪ್ರತಿಮಾಡಿದವನು ಕೊನೆಯಲ್ಲಿ ತನ್ನ ಹೆಸರು ಹೇಳಿ, ತಾನು ಕಂಡಂತೆ ಬರೆದೆನೆಂದೂ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದೂ ಬೇಡಿಕೊಳ್ಳುತ್ತಾನೆ. ಕವಿ ಬೇರೆ, ಲಿಪಿಕಾರ ಬೇರೆ; ಇಬ್ಬರೂ ಉತ್ತರ ಹೇಳುವವರೇ. ಈ ನಾಲ್ಕು ಪುಟಕ್ಕೆ ಉತ್ತರ ಹೇಳುವವರು ಯಾರು?” ಎಂದು, 1678ರ ಮೇಲೆ ಬೆರಳಿಟ್ಟು, ತಾವು ಮಾಡಿದ ಪ್ರಮಾದವನ್ನು ಪೂರ್ಣವಾಗಿ ಹೇಳಿದರು. ಕೊರಟಗೆರೆಯಲ್ಲಿ ನಡೆದುದನ್ನೂ, ತಾವು ಸುಮ್ಮನೆ ಕುಳಿತುದನ್ನೂ ಮರೆಮಾಡಲಿಲ್ಲ. ಬಸ್ಸು ಹತ್ತುವಾಗ ಇದನ್ನು ಹೇಳುವ ಸಂಕಲ್ಪ ಅವರಿಗಿರಲಿಲ್ಲ.

ಅಂಗಡಿಯವನು ಬಹಳ ಹೊತ್ತು ಸಂಚಿಕೆಯನ್ನು ನೋಡುತ್ತಿದ್ದು, “ಈ ವರ್ಷದ ವಿಷಯವಾಗಿ ನನ್ನನ್ನೂ ಮೂವರು ಕೇಳಿದ್ದರು, ಮೇಷ್ಟ್ರೇ. ಹೆಸರು ನನ್ನದಿತ್ತಲ್ಲ. ಏನು ಹೇಳಬೇಕೋ ತಿಳಿಯದೆ ನಾನೂ ಸುಮ್ಮನಾದೆ” ಎಂದನು.

ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಕಳವಿಗೆ ಸಿಕ್ಕಿದ ಹೆಸರು ಎಷ್ಟು ನಿರುಪಯೋಗಿಯಾದ ವಸ್ತುವೆಂಬುದು ಪಂಡಿತರಿಗೆ ಅಲ್ಲಿ ಕಂಡಿತು. ಹೊಗಳಿಕೆಯನ್ನು ಅದು ತಂದುಕೊಡುತ್ತದೆ. ಪ್ರಶ್ನೆ ಬಂದಾಗ ಮೂಕವಾಗುತ್ತದೆ.

ಆಮೇಲೆ ಕೆಲಸ ಬೇಗನೆ ಸಾಗಿತು. ಲೇಖನ ಬರೆದವರು ಯಾರು, ಯಾವ ಸಂಚಿಕೆಯಲ್ಲಿ ಅಚ್ಚಾಯಿತು, ತಿದ್ದಬೇಕಾದ ವರ್ಷ ಯಾವುದು, ಏಕೆ ಎಂಬುದನ್ನು ಇಬ್ಬರೂ ಕೂಡಿ ಐದು ವಾಕ್ಯಗಳಲ್ಲಿ ಬರೆದರು. ಅಂಗಡಿಯವನು ಅದನ್ನು ಲೇಖನದ ತಲೆಯಲ್ಲಿಯೇ ಇಟ್ಟು ಎಲ್ಲರಿಗೂ ಕಳುಹಿಸಿದನು. ಬುಡದಲ್ಲಿಟ್ಟರೆ ಮುಂದೆ ಕಳುಹಿಸುವವರು ಕತ್ತರಿಸುತ್ತಾರೆಂಬುದು ಅವನ ಅನುಭವ. ಹಳೆಯ ಪ್ರತಿಗಳೆಲ್ಲ ಇದರಿಂದ ನಿಂತುಹೋದುವೆಂದಲ್ಲ. ಎರಡು ತಿಂಗಳ ಮೇಲೂ ಮೊಮ್ಮಗನ ಫೋನಿಗೆ 1678 ಮತ್ತೆ ಬಂದಿತು, ಈ ಸಲ ತುಮಕೂರಿನ ಯಾರೋ ಒಬ್ಬರ ಹೆಸರಿನಲ್ಲಿ. ಮೊಮ್ಮಗನು ಒಡನೆಯೇ ಆ ಐದು ವಾಕ್ಯಗಳನ್ನು ಅವರಿಗೆ ಕಳುಹಿಸಿದನು. ಕಳೆ ಕೀಳುವ ಕೆಲಸದಂತೆ ಇದು ಒಂದು ದಿನಕ್ಕೆ ಮುಗಿಯುವುದಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಪಂಡಿತರು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಕೊರಟಗೆರೆಯ ಆ ಶಾಲೆಗೆ ಹೋಗಿ, ಒಂಬತ್ತನೆಯ ತರಗತಿಯ ಮುಂದೆ ನಿಂತು, ಆ ದಿನದ ತಪ್ಪು ತಮ್ಮದೆಂದೂ, ಅಲ್ಲಿಯೇ ಹೇಳದೆ ಸುಮ್ಮನಿದ್ದುದು ಎರಡನೆಯ ತಪ್ಪೆಂದೂ ಹೇಳಿದರು. ಹುಡುಗಿ ತನ್ನ ನೋಟುಪುಸ್ತಕವನ್ನು ತೆಗೆದು 1678ನ್ನು ಹೊಡೆದು 1687 ಎಂದು ಬರೆದಳು. ಭಾಷಣದ ಕೆಳಗೆ ಪಂಡಿತರ ಹೆಸರನ್ನು ಬರೆದುಕೊಂಡಳು. ಆಮೇಲೆ, ಮೊದಲ ಸಲ ಮೋಸಹೋದವರಿಗೆ ಸಹಜವಾದ ಎಚ್ಚರಿಕೆಯಿಂದ, “ಸಾರ್, 1687 ಸರಿ ಎಂಬುದು ನಿಮಗೆ ಹೇಗೆ ತಿಳಿಯಿತು?” ಎಂದು ಕೇಳಿದಳು.

“ಪುಸ್ತಕದಿಂದ, ತಾಯಿ. ಬಿ. ಎಲ್. ರೈಸ್ ಎಂಬ ದೊರೆಗಳು ಮೈಸೂರು ಸೀಮೆಯ ಗ್ಯಾಸೆಟಿಯರನ್ನು ಬರೆದರು. ಅದನ್ನು ಪರಿಷ್ಕರಿಸಿ 1897ರಲ್ಲಿ ಮತ್ತೆ ಅಚ್ಚು ಮಾಡಿಸಿದರು. ಶಿರಾದ ಸುಬೆ, ದಿಲಾವರ್ ಖಾನನ ಅರಮನೆ, ಆ ಖಾನ್‌ಬಾಗು, ಲಾಲ್‌ಬಾಗಿನ ಮಾತು, ಎಲ್ಲ ಅದರಲ್ಲಿದೆ.”

ಹುಡುಗಿ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅವರ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲವಲ್ಲ, ಸಾರ್?” ಎಂದಳು.

ನಿಜವಾಗಿ ಎಲ್ಲಿಯೂ ಇರಲಿಲ್ಲ. ಸ್ಮರಣ ಸಂಚಿಕೆಯ ನಾಲ್ಕು ಪುಟಗಳಲ್ಲಿ ರೈಸ್ ಅವರ ಹೆಸರನ್ನು ಪಂಡಿತರು ಒಂದು ಕಡೆಯೂ ಬರೆದಿರಲಿಲ್ಲ. ವಾಕ್ಯಗಳು ಪಂಡಿತರವು, ಅದರಲ್ಲಿ ಸಂದೇಹವಿಲ್ಲ. ವಕೀಲರ ಕಾನೂನಿನಂತೆ ಅಷ್ಟು ಸಾಕು. ರಾಜಶೇಖರನ ಕಾನೂನಿನಲ್ಲಿ ಮಾತ್ರ ಶಬ್ದಹರಣವಾದ ಮೇಲೆ ಅರ್ಥಹರಣವೆಂದು ಇನ್ನೊಂದು ಪ್ರಕರಣವಿದೆ. ಬರೆದವನು ದೂರದೇಶದವನು, ಕಾಲವಾಗಿ ಬಹಳ ವರ್ಷಗಳಾದುವು, ಈಗ ಬಲ್ಲವರು ಕಡಮೆ, ಎಂಬ ಅವಂತಿಸುಂದರಿಯ ಪಟ್ಟಿ ಪಂಡಿತರಿಗೆ ಕಂಠಪಾಠವಾಗಿತ್ತು.

ಅವರು ಹುಡುಗಿಯ ಕೈಯಿಂದ ನೋಟುಪುಸ್ತಕವನ್ನು ತೆಗೆದುಕೊಂಡು, ತಮ್ಮ ಹೆಸರಿನ ಕೆಳಗೆ ರೈಸ್ ಅವರ ಹೆಸರನ್ನೂ ಗ್ರಂಥದ ಹೆಸರನ್ನೂ ವರ್ಷವನ್ನೂ ದುಂಡಕ್ಷರದಲ್ಲಿ ಬರೆದರು. 1897 ಎಂಬುದನ್ನು ಬರೆದ ಮೇಲೆ ಅಂಕೆಗಳನ್ನು ಮತ್ತೊಮ್ಮೆ ಬೆರಳಿಟ್ಟು ನೋಡಿಕೊಂಡರು. ಹುಡುಗಿ ಅದನ್ನು ಓದಿ, “ರೈಸ್ ಅವರಿಗೆ ಯಾರು ಹೇಳಿದರಂತೆ, ಸಾರ್?” ಎಂದಳು.

ಪಂಡಿತರು ನಕ್ಕು ಕುರ್ಚಿಯಲ್ಲಿ ಕುಳಿತರು. ಆ ದಿನ ಮಧುಗಿರಿಗೆ ಹಿಂದಿರುಗುವಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಸ್ಮರಣ ಸಂಚಿಕೆಯವರಿಗೆ ಎರಡನೆಯ ತಿದ್ದುಪಡಿಯನ್ನು ಬರೆದು ಕಳುಹಿಸಿದರು. ಮೊದಲನೆಯದು ಮೂರು ಸಾಲಿನದಾಗಿತ್ತು. ಇದು ಒಂದು ಪುಟವಾಯಿತು.